ಗುರುವೆಂದು ಕೈಮುಗಿದು ಹೊರಗೆ ನಿಲ್ಲಿಸುವ ನ್ಯಾಯ

ಶಾಲೆಯ ಗಂಟೆ ಬಾರಿಸುವ ಜವಾನನು ಕಾಯದೆಯ ದೃಷ್ಟಿಯಲ್ಲಿ ಕಾರ್ಮಿಕನು. ಮಕ್ಕಳನ್ನು ಶಾಲೆಗೆ ಕರೆತರುವ ಮೋಟಾರು ಗಾಡಿಯ ಚಾಲಕನು ಕಾರ್ಮಿಕನು. ಫೀ ವಸೂಲುಮಾಡಿ ರಸೀದಿ ಬರೆದುಕೊಡುವ ಕಾರಕೂನನೂ ಕಾರ್ಮಿಕನೇ. ಆದರೆ ಆ ಗಂಟೆಯನ್ನು ಕೇಳಿ ವರ್ಗದೊಳಗೆ ಕಾಲಿಟ್ಟು ಆ ಮಕ್ಕಳಿಗೆ ಪಾಠ ಹೇಳುವವನು, ಯಾವನಿದ್ದರೆ ಮಾತ್ರ ಅದು ಶಾಲೆಯೆನ್ನಿಸಿಕೊಳ್ಳುವದೋ ಅವನು, ಕಾರ್ಮಿಕನಲ್ಲ. ಇದು ನಮ್ಮ ಕುಚೋದ್ಯವಲ್ಲ. ಭರತಖಂಡದ ಸರ್ವೋಚ್ಚ ನ್ಯಾಯಾಲಯದ ತೀರ್ಪು.

೧೯೭೮ರಲ್ಲಿ ಬೆಂಗಳೂರಿನ ನೀರು ಸರಬರಾಯಿ ಮಂಡಲಿಯ ನೌಕರರ ಸಂಬಂಧವಾಗಿ ಎದ್ದ ವ್ಯಾಜ್ಯದಲ್ಲಿ ಏಳು ಜನ ನ್ಯಾಯಮೂರ್ತಿಗಳ ಪೀಠವು 'ಉದ್ದಿಮೆ'ಯೆಂಬ ಶಬ್ದಕ್ಕೆ ಬಹು ವಿಶಾಲವಾದ ಅರ್ಥವನ್ನು ಮಾಡಿ, ವಿದ್ಯಾಸಂಸ್ಥೆಗಳೂ ಉದ್ದಿಮೆಗಳೇ ಎಂದು ಸಾರಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರ ಆ ತೀರ್ಪನ್ನು ಓದಿದ ಶಿಕ್ಷಕನು, ಇನ್ನು ತನಗೂ ಒಂದು ನ್ಯಾಯದ ಬಾಗಿಲು ತೆರೆಯಿತೆಂದು ತಿಳಿದುಕೊಂಡಿದ್ದರೆ ಅವನ ತಪ್ಪಲ್ಲ. ಹತ್ತು ವರ್ಷಗಳ ತರುವಾಯ, ೧೯೮೮ರಲ್ಲಿ, ನಮ್ಮ ನೆರೆಯ ಗೋವೆಯ ಶಾಲೆಯೊಂದರಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿಯೊಬ್ಬರ ಮೊಕದ್ದಮೆಯು ಅದೇ ನ್ಯಾಯಾಲಯದ ಮುಂದೆ ಬಂದಿತು. ಶಾಲೆಯು ಉದ್ದಿಮೆಯಾಗಿರಬಹುದು, ಆದರೆ ಶಿಕ್ಷಕಿಯ ಕೆಲಸವು ಮೈದುಡಿಮೆಯದಲ್ಲ, ತಾಂತ್ರಿಕವಲ್ಲ, ಕಾರಕೂನಿಕೆಯದಲ್ಲ, ಮೇಲ್ವಿಚಾರಣೆಯದೂ ಅಲ್ಲ. ವಿದ್ಯಾದಾನವು ಒಂದು ಉದಾತ್ತವಾದ ವೃತ್ತಿ, ಒಂದು ವ್ರತ. ಆದಕಾರಣ ಆಕೆ ಕಾಯದೆಯ ಅರ್ಥದಲ್ಲಿ ಕಾರ್ಮಿಕಳಲ್ಲ ಎಂಬದಾಗಿ ನಿರ್ಣಯವಾಯಿತು. ತೀರ್ಪನ್ನು ಬರೆದವರು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು. ಅವರ ಪಾಂಡಿತ್ಯದಲ್ಲಿ ನಮಗೆ ಗೌರವವುಂಟು. ಕಾಯದೆಯ ಶಬ್ದಗಳು ಹಾಗಿದ್ದವು, ಅವರು ಹಾಗೆ ಓದಿದರು. ನಮ್ಮ ಜಗಳವು ಓದಿದವರೊಡನಲ್ಲ. ಆ ಶಬ್ದಗಳನ್ನು ಇಂದಿನವರೆಗೂ ಹಾಗೆಯೇ ಬಿಟ್ಟುಕೊಂಡು ಬಂದ ಶಾಸನಕಾರರೊಡನೆ.

ತಿದ್ದಲಿಕ್ಕೆ ಸಂಧಿಯೇ ಸಿಕ್ಕಲಿಲ್ಲವೆಂದು ಅವರು ಹೇಳುವಂತಿಲ್ಲ. ೧೯೪೭ರ ಔದ್ಯೋಗಿಕ ವಿವಾದಗಳ ಕಾಯದೆಯ ಸ್ಥಾನದಲ್ಲಿ ನಿಲ್ಲಿಸುವದಕ್ಕಾಗಿ ಪಾರ್ಲಿಮೆಂಟು ೨೦೨೦ರಲ್ಲಿ ಔದ್ಯೋಗಿಕ ಸಂಬಂಧಗಳ ಸಂಹಿತೆಯನ್ನು ರಚಿಸಿತು. ಅದರಲ್ಲಿ ಕಾರ್ಮಿಕನೆಂದರೆ ಯಾರೆಂಬದಕ್ಕೆ ವಿಸ್ತಾರವಾದ ವಿವರಣೆಯಿದೆ. ಔಷಧದ ಕಂಪನಿಗಳ ಪರವಾಗಿ ಊರೂರು ತಿರುಗಿ ಮಾರಾಟವನ್ನು ಬೆಳೆಸುವವರು ಅದರಲ್ಲಿದ್ದಾರೆ. ವರ್ತಮಾನಪತ್ರಗಳಲ್ಲಿ ದುಡಿಯುವ ನಮ್ಮಂಥ ಬರಹಗಾರರೂ ಅದರಲ್ಲಿದ್ದಾರೆ. ಶಿಕ್ಷಕನು ಮಾತ್ರ ಇಲ್ಲ. ಲೇಖನಿ ಹಿಡಿದ ನಾವು ಕಾರ್ಮಿಕರಂತೆ, ನಮ್ಮ ಕೈಹಿಡಿದು ಅಕ್ಷರ ತಿದ್ದಿಸಿದವನು ಅಲ್ಲವಂತೆ! ನಮ್ಮ ಬರವಣಿಗೆಯಲ್ಲಿ ಅವನ ಉಪಾಧ್ಯಾಯಿಕೆಗಿಂತ ಹೆಚ್ಚಿನ ಮೈದುಡಿಮೆ ಏನಿದೆಯೋ ನಮಗಂತೂ ಕಾಣದು.

ಕಾರ್ಮಿಕನೆನ್ನಿಸಿಕೊಂಡರೆ ಬರುವ ಭಾಗ್ಯವೇನು ಎಂದು ನಮ್ಮ ಕೆಲವು ವಾಚಕರು ಕೇಳಬಹುದು; ಶಿಕ್ಷಕರಲ್ಲಿಯೂ ಕೆಲವರಿಗೆ ಆ ಶಬ್ದವು ತಮ್ಮ ಮಾನಕ್ಕೆ ಕುಂದೆನಿಸುವದುಂಟು. ಅವರಿಗೆ ನಾವು ಹೇಳುವದಿಷ್ಟು. ಗಿರಣಿಯ ಕೆಲಸಗಾರರು ತಮ್ಮ ಸಂಘದ ಮುಖಾಂತರ ಪಗಾರದ ಬೇಡಿಕೆಯನ್ನಿಟ್ಟು, ಮಾಲಿಕನು ಅದಕ್ಕೆ ಕಿವಿಗೊಡದಿದ್ದರೆ, ಸರಕಾರದ ಸಂಧಾನಾಧಿಕಾರಿಯು ಎರಡೂ ಪಕ್ಷದವರನ್ನು ಒಂದೆಡೆ ಕರೆಯಿಸುವನು. ಅಲ್ಲಿಯೂ ಬಗೆಹರಿಯದಿದ್ದರೆ ವ್ಯಾಜ್ಯವು ಔದ್ಯೋಗಿಕ ನ್ಯಾಯಮಂಡಲಿಗೆ ಹೋಗಬಲ್ಲದು. ಸಂಧಾನದಲ್ಲಿ ಆದ ಒಪ್ಪಂದವು ಉಭಯತರಿಗೂ ಬದ್ಧವಾದದ್ದು, ಮುರಿದವನಿಗೆ ದಂಡವುಂಟು. ಶಿಕ್ಷಕರ ಸಂಘಕ್ಕೆ ಇದಾವದೂ ಇಲ್ಲ. ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನವು ಎಲ್ಲರಿಗೂ ಕೊಟ್ಟಿದೆ, ನಿಜ. ಆದರೆ ಮಾತುಕತೆಯನ್ನು ಫಲಿಸುವಂತೆ ನಡೆಯಿಸುವ ಹಕ್ಕಾಗಲಿ ಮುಷ್ಕರದ ಹಕ್ಕಾಗಲಿ ಆ ಸ್ವಾತಂತ್ರ್ಯದ ಹೊಟ್ಟೆಯಲ್ಲಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೬೧ರಲ್ಲಿ ಬ್ಯಾಂಕು ನೌಕರರ ಮೊಕದ್ದಮೆಯಲ್ಲಿಯೇ ಹೇಳಿಬಿಟ್ಟಿತು. ೨೦೦೩ರಲ್ಲಿ ತಮಿಳುನಾಡಿನ ಸರಕಾರವು ಮುಷ್ಕರ ಹೂಡಿದ ನೌಕರರನ್ನೂ ಶಿಕ್ಷಕರನ್ನೂ ಕೂಡಿಯೇ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಕೆಲಸದಿಂದ ತೆಗೆದುಹಾಕಿದಾಗ, ಸರಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲವೆಂಬ ತೀರ್ಪು ಬಂದಿತು. ಬಳಿಕ ಬಹುಜನರನ್ನು ಮರಳಿ ಸೇರಿಸಿಕೊಂಡರೆಂಬದು ಬೇರೆ ಮಾತು; ಬಡಿಗೆಯನ್ನು ತೋರಿಸಿದ್ದಾಗಿತ್ತು.

ಖಾಸಗಿ ಶಾಲೆಯ ಶಿಕ್ಷಕನಿಗೆ ನಮ್ಮ ರಾಜ್ಯದಲ್ಲಿ ಬೇರೊಂದು ರಕ್ಷಣೆಯುಂಟಲ್ಲ ಎಂದು ಬಲ್ಲವರು ಹೇಳಿಯಾರು. ಉಂಟು. ೧೯೮೩ರ ಕರ್ನಾಟಕ ಶಿಕ್ಷಣ ಕಾಯದೆಯು ೧೯೯೫ರಲ್ಲಿ ಜಾರಿಗೆ ಬಂದಿತು. ಅದರ ಪ್ರಕಾರ, ಕೆಲಸದಿಂದ ತೆಗೆಯಲ್ಪಟ್ಟವನು ಇಲ್ಲವೆ ಪದವಿಯಿಂದ ಇಳಿಸಲ್ಪಟ್ಟವನು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಲಿಗೆ ಹೋಗಬಹುದು. ಆ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ವಾಚಕರು ಒಂದು ಸಂಗತಿಯನ್ನು ಲಕ್ಷ್ಯವಿಟ್ಟು ನೋಡಬೇಕು. ಆ ಬಾಗಿಲೊಳಗೆ ಒಬ್ಬೊಬ್ಬನೇ ಹೋಗಬೇಕು, ಅದೂ ಕುತ್ತಿಗೆಗೆ ಕೈಬಿದ್ದ ಮೇಲೆ ಹೋಗಬೇಕು. ಐವತ್ತು ಜನ ಶಿಕ್ಷಕರು ಒಟ್ಟುಗೂಡಿ ತಮ್ಮ ಪಗಾರವು ಸಾಲದೆಂದು, ವರ್ಗದಲ್ಲಿ ಮಕ್ಕಳ ಸಂಖ್ಯೆಯು ಮಿತಿಮೀರಿತೆಂದು, ರುಜು ಹಾಕಿಸಿಕೊಂಡ ಮೊತ್ತಕ್ಕೂ ಕೈಗೆ ಬಂದ ಮೊತ್ತಕ್ಕೂ ತಾಳೆಯಿಲ್ಲವೆಂದು ವಾದಿಸುವದಕ್ಕೆ ಆ ಬಾಗಿಲು ಇಲ್ಲ. ಈ ಕೊನೆಯ ದೂರನ್ನು ನಾವು ಎಷ್ಟು ಊರುಗಳಿಂದ ಕೇಳಿದ್ದೇವೆಂಬದಕ್ಕೆ ಲೆಕ್ಕವಿಲ್ಲ. ಹೇಳಿದವರಲ್ಲಿ ಒಬ್ಬರಾದರೂ ತಮ್ಮ ಹೆಸರನ್ನು ಅಚ್ಚುಹಾಕಿರೆಂದು ಒಪ್ಪಲಿಲ್ಲ. ಒಬ್ಬೊಬ್ಬರೇ ಆದವರು ಹೇಗೆ ಒಪ್ಪಿಯಾರು?

ಈ ಒಟ್ಟುಗೂಡಿದ ಮಾತುಕತೆಗೆ ಅರ್ಥಶಾಸ್ತ್ರದ ಪಂಡಿತರು 'ಸಾಮೂಹಿಕ ಚೌಕಾಶಿ'ಯೆಂಬ ಪಾರಿಭಾಷಿಕ ಶಬ್ದವನ್ನು ಮಾಡಿದ್ದಾರೆ. ಶಬ್ದವು ನಮಗೆ ರುಚಿಸದು. ಚೌಕಾಶಿಯೆಂದೊಡನೆ ಸಂತೆಯಲ್ಲಿ ಬದನೆಕಾಯಿಯ ಬೆಲೆಗಾಗಿ ಎದ್ದ ಗುದ್ದಾಟವು ನೆನಪಾಗಿ, ಗುರುವಿಗೂ ಅದಕ್ಕೂ ಎಲ್ಲಿಯ ನಂಟೆಂದು ಮಾನವಂತರು ಮುಖ ಸಿಂಡರಿಸುವರು. ಆದರೂ ಸಂತೆಯ ಚೌಕಾಶಿಯಲ್ಲಿ ಒಂದು ನ್ಯಾಯವಿದೆ: ಮಾರುವವನೂ ಕೊಳ್ಳುವವನೂ ಎದುರುಬದುರಾಗಿ ಕುಳಿತಿರುತ್ತಾರೆ, ಇಬ್ಬರೂ ಬೆಲೆ ಹೇಳುತ್ತಾರೆ, ಒಪ್ಪದಿದ್ದರೆ ಮಾರುವವನು ತನ್ನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಏಳಬಹುದು. ಬದನೆಕಾಯಿ ಮಾರುವ ಮುದುಕಿಗಿರುವ ಈ ಹಕ್ಕು ಎಂ. ಎ. ಪದವೀಧರನಿಗೆ ಇಲ್ಲದಿರುವಾಗ, ಯಾರ ಸ್ಥಿತಿಯು ಮಾನದ್ದೆಂಬದನ್ನು ಆ ಮಾನವಂತರೇ ಹೇಳಲಿ.

ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಹೇಳುತ್ತಿರುವ ಸಾವಿರಾರು ಜನರಿಗೆ 'ಅತಿಥಿ ಉಪನ್ಯಾಸಕ'ರೆಂದು ಹೆಸರಿಟ್ಟವರಿಗೆ ಸಂಸ್ಕೃತವು ಚೆನ್ನಾಗಿಯೇ ಬರುತ್ತಿದ್ದಿರಬೇಕು. ತಿಥಿಯ ಗೊತ್ತಿಲ್ಲದೆ ಬರುವವನೇ ಅತಿಥಿ. ಇವರಿಗೂ ತಾವು ಯಾವ ತಿಥಿಗೆ ಬರಬೇಕು, ಯಾವ ತಿಥಿಗೆ ಎದ್ದು ಹೋಗಬೇಕೆಂಬದರ ಗೊತ್ತಿಲ್ಲ. ವರ್ಷ ವರ್ಷವೂ ಹೊಸ ಅರ್ಜಿ, ಹೊಸ ಪಟ್ಟಿ, ಹೊಸ ನೇಮಕ. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಅತಿಥಿಯೆಂದು ಕರೆಯುವ ಪದ್ಧತಿಯು ಯಾವ ಗೃಹಸ್ಥಧರ್ಮದಲ್ಲಿದೆಯೋ ನಾವು ಕಾಣೆವು. ೨೦೨೧ರಲ್ಲಿ ಇವರ ಸಂಖ್ಯೆಯು ಹತ್ತು ಸಾವಿರವನ್ನು ಮೀರಿತ್ತು. ನೆಟ್, ಸ್ಲೆಟ್, ಪಿಎಚ್.ಡಿ.ಗಳನ್ನು ಪಡೆದವರಿಗೆ ತಿಂಗಳಿಗೆ ೧೩,೦೦೦ ರೂಪಾಯಿ, ಉಳಿದವರಿಗೆ ೧೧,೦೦೦ ರೂಪಾಯಿ. ಅದೇ ಹೊತ್ತಿಗೆ ದಿಲ್ಲಿಯ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅತಿಥಿಗಳಿಗೆ ಪಾಠವೊಂದಕ್ಕೆ ೧,೫೦೦ರಂತೆ ತಿಂಗಳಿಗೆ ೫೦,೦೦೦ದವರೆಗೆ ಕೊಡಬಹುದೆಂದು ಹೇಳಿ ಎರಡು ವರ್ಷಗಳು ಸಂದಿದ್ದವು.

ಆ ವರ್ಷದ ಡಿಸೆಂಬರದಲ್ಲಿ ಅವರು ವರ್ಗಗಳನ್ನು ಬಹಿಷ್ಕರಿಸಿದರು. ಒಂದು ತಿಂಗಳಿನ ಮೇಲೆ, ೨೦೨೨ರ ಸಂಕ್ರಾಂತಿಯ ಹೊತ್ತಿಗೆ, ಸರಕಾರವು ಎಳ್ಳುಬೆಲ್ಲ ಹಂಚಿದಂತೆ ಒಂದು ನಿರ್ಣಯವನ್ನು ಹೊರಡಿಸಿತು. ಅರ್ಹತೆಯೂ ಐದು ವರ್ಷದ ಸೇವೆಯೂ ಇದ್ದವರಿಗೆ ೩೨,೦೦೦. ಅರ್ಹತೆಯಿದ್ದು ಸೇವೆ ಕಡಿಮೆಯಿದ್ದವರಿಗೆ ೩೦,೦೦೦. ಸೇವೆಯಿದ್ದು ಅರ್ಹತೆಯಿಲ್ಲದವರಿಗೆ ೨೮,೦೦೦. ಎರಡೂ ಇಲ್ಲದವರಿಗೆ ೨೬,೦೦೦. ಸಂಖ್ಯೆಗಳನ್ನು ಕಂಡು ಊರವರು ಭಲೆ ಎಂದರು. ನಾವೂ ಏರಿಕೆಯನ್ನು ಏರಿಕೆಯಲ್ಲವೆನ್ನುವದಿಲ್ಲ. ಆದರೆ ಬೆಲ್ಲದ ಕೆಳಗಿನ ಎಳ್ಳನ್ನು ಎಣಿಸಿ ನೋಡಿದವರು ಕೆಲವರೇ. ಅದುವರೆಗೆ ವಾರಕ್ಕೆ ಎಂಟು ಹತ್ತು ತಾಸುಗಳ ಪಾಠವಿದ್ದದ್ದನ್ನು ೧೫ ತಾಸುಗಳಿಗೆ ಏರಿಸಲಾಯಿತು. ಹತ್ತು ತಾಸುಗಳಂತೆ ಮೂವರು ಹಂಚಿಕೊಂಡಿದ್ದ ಮೂವತ್ತು ತಾಸುಗಳ ಪಾಠವು ಹದಿನೈದರಂತೆ ಇಬ್ಬರಿಗೆ ಸರಿಹೋಯಿತು. ಮೂರನೆಯವನೆಲ್ಲಿ? ಅವನೂ ತಿಂಗಳುಗಟ್ಟಲೆ ಇವರ ಹೆಗಲಿಗೆ ಹೆಗಲು ಕೊಟ್ಟು ಧರಣಿ ಕುಳಿತವನೇ ಆಗಿದ್ದನು. ಗೆದ್ದ ಹೋರಾಟದಿಂದ ಅವನಿಗೆ ಬಂದ ಫಲವೆಂದರೆ ಮನೆಯ ದಾರಿ.

ಇಲ್ಲಿಯೇ ನಮ್ಮ ವಾದದ ತಿರುಳಿದೆ. ಆ ನಿರ್ಣಯವು ಒಪ್ಪಂದವಲ್ಲ, ಆಜ್ಞೆ. ಇಷ್ಟು ಪಗಾರಕ್ಕೆ ಇಷ್ಟು ತಾಸು ಎಂಬ ವಿಷಯವನ್ನು ಮೇಜಿನ ಮೇಲಿಟ್ಟು, ಪಗಾರವನ್ನು ಸ್ವಲ್ಪ ಇಳಿಸಿಯಾದರೂ ಮೂರನೆಯವನನ್ನು ಉಳಿಸಿಕೊಳ್ಳೋಣವೆ, ಇಲ್ಲವೆ ಹನ್ನೆರಡು ತಾಸುಗಳಿಗೆ ನಿಲ್ಲಿಸೋಣವೆ ಎಂದು ಅವರನ್ನೇ ಕೇಳಿದ್ದರೆ ಅವರು ಏನನ್ನುತ್ತಿದ್ದರೋ ಯಾರು ಬಲ್ಲರು? ಮಂತ್ರಿಗಳ ಕೊಠಡಿಯಲ್ಲಿ ಮುಖಂಡರೊಡನೆ ಸಭೆಗಳಾದವೆಂದು ಹೇಳುವರು. ಆಗಿರಬಹುದು. ಆದರೆ ಕರೆಯುವದೂ ಬಿಡುವದೂ ಒಂದೇ ಪಕ್ಷದ ಇಚ್ಛೆಗೆ ಸೇರಿದ್ದಾದ ಮೇಲೆ, ಅದಕ್ಕೆ ಸಭೆಯೆನ್ನುವದಕ್ಕಿಂತ ದರ್ಶನವೆನ್ನುವದೇ ಸರಿ. ಅದರ ಜೊತೆಗೆ, ಒಂದೇ ಜಾತಿಯ ದುಡಿಮೆಯವರನ್ನು ನಾಲ್ಕು ಪಂಗಡಗಳನ್ನಾಗಿ ಒಡೆದದ್ದು ಬೇರೆ. ಮರುದಿನದಿಂದಲೇ ಅರ್ಹತೆಯುಳ್ಳವನಿಗೆ ಅರ್ಹತೆಯಿಲ್ಲದವನು ಎದುರಾಳಿಯಾದನು.

ಮರಳಿ ೨೦೨೩ರ ನವೆಂಬರದಲ್ಲಿ ಅದೇ ಬಹಿಷ್ಕಾರ, ಖಾಯಂಗೊಳಿಸಿರೆಂಬ ಅದೇ ಕೂಗು. ಈ ಸಾರೆ ಸರಕಾರದ ಪಕ್ಷ ಬೇರೆಯಾಗಿತ್ತು, ಪದ್ಧತಿ ಮಾತ್ರ ಬೇರೆಯಾಗಿರಲಿಲ್ಲ. ಸೇವೆಯ ವರ್ಷಗಳನ್ನು ನೋಡಿ ೫,೦೦೦ದಿಂದ ೮,೦೦೦ ರೂಪಾಯಿಗಳವರೆಗೆ ಏರಿಕೆಯನ್ನು ಸಾರಿದರು. ಖಾಯಂಗೊಳಿಸುವ ಮಾತು ಇದ್ದಲ್ಲಿಯೇ ಉಳಿಯಿತು. ಎರಡು ವರ್ಷಕ್ಕೊಮ್ಮೆ ಕಾಲೇಜು ಮುಚ್ಚಿದರೆ ಮಾತ್ರ ಮಾತನಾಡುವೆವೆಂದು ಸರಕಾರವೇ ಶಿಕ್ಷಕರಿಗೆ ಪಾಠ ಕಲಿಸುತ್ತಿರುವಾಗ, ಶಿಕ್ಷಕರು ಅದನ್ನು ಬಾಯಿಪಾಠ ಮಾಡಿಕೊಂಡರೆ ಅವರನ್ನೇ ದೂರುವದು ಯಾವ ನ್ಯಾಯ?

ಮಕ್ಕಳ ಗತಿಯೇನು ಎಂಬ ಪ್ರಶ್ನೆಯು ಇಲ್ಲಿ ಏಳುವದು, ಏಳಲೇಬೇಕು. ಸರಕಾರಿ ಕಾಲೇಜಿನ ಬಾಗಿಲು ಮುಚ್ಚಿದರೆ ಹಾನಿಯಾಗುವದು ಉಳ್ಳವರ ಮಕ್ಕಳಿಗಲ್ಲ, ಮುಂಜಾನೆಯ ಬಸ್ಸು ಹಿಡಿದು ಹಳ್ಳಿಯಿಂದ ಬರುವ ಹುಡುಗಿಯರಿಗೆ. ೨೦೧೬ರಲ್ಲಿ ಪದವಿಪೂರ್ವ ಉಪನ್ಯಾಸಕರು ಜಿ. ಕುಮಾರ ನಾಯಕರ ವರದಿಯಂತೆ ವೇತನದ ತಾರತಮ್ಯವನ್ನು ಸರಿಪಡಿಸಿರೆಂದು ಮೌಲ್ಯಮಾಪನವನ್ನೇ ಬಹಿಷ್ಕರಿಸಿದಾಗ, ಉತ್ತರಪತ್ರಿಕೆಗಳ ಗಂಟುಗಳು ಬಿಚ್ಚದೆ ಬಿದ್ದುಕೊಂಡು ಲಕ್ಷಾಂತರ ತಂದೆತಾಯಿಗಳ ನಿದ್ದೆ ಹೋಯಿತು. ಆಗ ತಂದೆತಾಯಿಗಳ ಬಾಯಲ್ಲಿ ಬಂದ ಮಾತುಗಳನ್ನು ನಾವು ಮರೆತಿಲ್ಲ, ಅವನ್ನು ತಪ್ಪೆನ್ನುವದೂ ಇಲ್ಲ. ಮುಷ್ಕರವನ್ನು ನಾವು ಹಬ್ಬವೆಂದು ತಿಳಿದವರಲ್ಲ. ಆದರೆ ವರದಿಯನ್ನು ಬರೆಯಿಸಿದವರು ಯಾರು? ಸರಕಾರ. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವರು ಯಾರು? ಅದೇ ಸರಕಾರ. ಪರೀಕ್ಷೆಯ ಹೊತ್ತಿಗೆ ಮಾತ್ರ ಶಿಕ್ಷಕನ ಕೂಗು ಕೇಳುವಷ್ಟು ಕಿವಿ ಮಂದವಾದರೆ, ಕೂಗುವವನು ಪರೀಕ್ಷೆಯ ಹೊತ್ತನ್ನೇ ಆರಿಸಿಕೊಳ್ಳುವನು. ಮಕ್ಕಳ ಮೇಲೆ ಕರುಣೆಯಿದ್ದವರು ಪರೀಕ್ಷೆಗೆ ಹತ್ತು ತಿಂಗಳು ಮೊದಲೇ ಮೇಜು ಹಾಕಿ ಕುಳಿತುಕೊಳ್ಳಲಿ.

ಇಂಥ ಮೇಜು ಹೊಸ ಕಲ್ಪನೆಯೇನಲ್ಲ. ಇಂಗ್ಲಂಡಿನಲ್ಲಿ ೧೯೧೯ರಲ್ಲಿಯೇ ಲಾರ್ಡ ಬರ್ನಹ್ಯಾಮರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಏರ್ಪಟ್ಟಿತು. ಅದರ ಒಂದು ಮಗ್ಗುಲಿಗೆ ಶಾಲೆಗಳನ್ನು ನಡೆಯಿಸುವ ಸ್ಥಾನಿಕ ಸಂಸ್ಥೆಗಳ ಪ್ರತಿನಿಧಿಗಳು, ಇನ್ನೊಂದು ಮಗ್ಗುಲಿಗೆ ಶಿಕ್ಷಕರ ಸಂಘಗಳ ಪ್ರತಿನಿಧಿಗಳು. ಊರಿಗೊಂದು ಬಗೆಯಾಗಿದ್ದ ಪಗಾರವು ಅಲ್ಲಿ ಮಾತಾಡಿ ಮಾತಾಡಿ ಒಂದು ಕ್ರಮಕ್ಕೆ ಬಂದಿತು. ೧೯೪೪ರ ಶಿಕ್ಷಣ ಕಾಯದೆಯಾದ ಮೇಲೆ ಆ ಶ್ರೇಣಿಗಳನ್ನು ಕೊಡಲೇಬೇಕೆಂಬ ಕಟ್ಟು ಬಿದ್ದಿತು. ಜಗಳಗಳೇ ಆಗಲಿಲ್ಲವೆಂದಲ್ಲ, ಆದವು, ಘೋರವಾಗಿಯೇ ಆದವು. ಎಂಬತ್ತರ ದಶಕದ ದೀರ್ಘ ಕಲಹದ ಬಳಿಕ ಥ್ಯಾಚರ್ ಬಾಯಿಯವರ ಸರಕಾರವು ೧೯೮೭ರಲ್ಲಿ ಕಾಯದೆ ಮಾಡಿ ಆ ಸಮಿತಿಯನ್ನೇ ಕಿತ್ತುಹಾಕಿತು. ೧೯೯೧ರಿಂದ ಸರಕಾರವು ನೇಮಿಸಿದ ಪರಿಶೀಲನಾ ಮಂಡಲಿಯೊಂದು ಶಿಫಾರಸು ಮಾಡುವ ಪದ್ಧತಿ ಬಂದಿತು. ಮೇಜನ್ನು ಮುರಿದರೆ ಕಲಹವು ನಿಲ್ಲುವದೆಂದು ಎಣಿಸಿದವರು ೨೦೨೩ನೆಯ ವರ್ಷವನ್ನು ನೋಡಲಿ: ಅದೇ ಇಂಗ್ಲಂಡಿನ ಶಿಕ್ಷಕರು ತಿಂಗಳುಗಟ್ಟಲೆ ಬಿಡಿಬಿಡಿಯಾಗಿ ಮುಷ್ಕರ ಹೂಡಿ, ಶೇಕಡಾ ೬.೫ರ ಏರಿಕೆಯನ್ನು ಪಡೆದ ಮೇಲೆಯೇ ಶಾಲೆಗೆ ಮರಳಿದರು. ಜಗತ್ತಿನ ಶಿಕ್ಷಕರ ಸ್ಥಾನಮಾನದ ವಿಷಯವಾಗಿ ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ೧೯೬೬ರ ಅಕ್ಟೋಬರ ೫ರಂದು ಒಪ್ಪಿಕೊಂಡ ಶಿಫಾರಸಿನಲ್ಲಿ, ಶಿಕ್ಷಕರ ವೇತನವೂ ಕೆಲಸದ ಸ್ಥಿತಿಗಳೂ ಅವರ ಸಂಘಗಳೊಡನೆ ಮಾತುಕತೆಯಿಂದಲೇ ಗೊತ್ತಾಗತಕ್ಕದ್ದೆಂದು ಸ್ಪಷ್ಟವಾಗಿ ಬರೆದಿದೆ. ಆ ದಿನವನ್ನು ಜಗತ್ತು ಶಿಕ್ಷಕರ ದಿನವೆಂದು ಆಚರಿಸುವದು. ನಾವು ಸಪ್ಟೆಂಬರ ೫ರಂದು ಹಾರ ಹಾಕಿ ಕೆಲಸ ಮುಗಿಸಿಬಿಡುವೆವು. ಅಷ್ಟು ದೂರವಾದರೂ ಏಕೆ ಹೋಗಬೇಕು? ನಮ್ಮ ಕೇಂದ್ರ ಸರಕಾರವು ತನ್ನ ನೌಕರರಿಗೋಸ್ಕರ ೧೯೬೬ರಲ್ಲಿಯೇ ಜಂಟಿ ಸಮಾಲೋಚನಾ ವ್ಯವಸ್ಥೆಯನ್ನು ಏರ್ಪಡಿಸಿ, ಒಮ್ಮತಕ್ಕೆ ಬಾರದ ಕೆಲವು ವಿಷಯಗಳನ್ನು ಪಂಚಾಯ್ತಿಗೆ ಒಪ್ಪಿಸುವ ದಾರಿಯನ್ನೂ ಇಟ್ಟಿತು.

ಕಾಯದೆಯಲ್ಲಿಲ್ಲವಲ್ಲ, ಏನು ಮಾಡೋಣವೆಂಬ ಮಾತೂ ನಿಲ್ಲುವದಿಲ್ಲ. ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಪದಾನ ಕಾಯದೆಯ, ಅಂದರೆ ಜನರು ಗ್ರ್ಯಾಚ್ಯುಯಿಟಿಯೆಂದು ಕರೆಯುವ ಹಣದ ಕಾಯದೆಯ, ಅರ್ಥದಲ್ಲಿ ಶಿಕ್ಷಕನು 'ನೌಕರ'ನಲ್ಲವೆಂದಿತು. ಶಬ್ದದ ಅರ್ಥದಿಂದ ಶಿಕ್ಷಕನು ಮತ್ತೊಮ್ಮೆ ಹೊರಗೆ ಬಿದ್ದನು. ಪಾರ್ಲಿಮೆಂಟು ೨೦೦೯ರಲ್ಲಿ ಆ ಶಬ್ದದ ಅರ್ಥವನ್ನೇ ತಿದ್ದಿ, ೧೯೯೭ರ ಎಪ್ರಿಲದಿಂದಲೇ ಅದು ಅನ್ವಯಿಸುವಂತೆ ಮಾಡಿತು. ಖಾಸಗಿ ಶಾಲೆಗಳ ಚಾಲಕರು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. ೨೦೨೨ರಲ್ಲಿ ಸೋತು ಬಂದರು. ಒಂದು ಶಬ್ದವನ್ನು ತಿದ್ದಿದ್ದರಿಂದ ಯಾವ ಶಾಲೆಯ ಗೋಡೆಯೂ ಬೀಳಲಿಲ್ಲ, ಯಾವ ಗುರುವಿನ ಗೌರವವೂ ಕೆಡಲಿಲ್ಲ. ಮುಪ್ಪಿಗೆ ನಾಲ್ಕು ಕಾಸು ಕೈಗೆ ಬರುವಂತಾಯಿತು, ಅಷ್ಟೇ. ಉಪದಾನಕ್ಕೆ ತಿದ್ದಲು ಬಂದದ್ದು ಮಾತುಕತೆಗೆ ತಿದ್ದಲು ಏಕೆ ಬಾರದು?

ಇನ್ನು ಶಿಕ್ಷಕರಿಗೇ ಎರಡು ಕಠಿಣವಾದ ಮಾತುಗಳನ್ನು ಹೇಳದೆ ನಾವು ಲೇಖನಿಯನ್ನು ಕೆಳಗಿಡಲಾರೆವು. ೨೦೨೩ರ ಮಾರ್ಚ ೧ರಂದು ರಾಜ್ಯದ ಖಾಯಂ ನೌಕರರು ಮುಷ್ಕರಕ್ಕಿಳಿದರು. ಅದೇ ದಿನ ಶೇಕಡಾ ೧೭ರ ಮಧ್ಯಂತರ ಪರಿಹಾರದ ಆಜ್ಞೆಯಾಯಿತು. ವಿಧಾನಸಭೆಯ ಚುನಾವಣೆಯು ಹೊಸ್ತಿಲಲ್ಲಿತ್ತೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಏಳನೆಯ ವೇತನ ಆಯೋಗವು ಶಿಫಾರಸು ಮಾಡಿದ ಶೇಕಡಾ ೨೭.೫ರ ಏರಿಕೆಯೂ ೨೦೨೪ರ ಆಗಸ್ಟದಿಂದ ಅವರ ಕೈಗೆ ಬಂದಿತು. ಖಾಯಂ ಶಿಕ್ಷಕರೂ ಆ ನೌಕರರಲ್ಲಿ ಸೇರಿದವರೇ. ಅವರು ಪಡೆದದ್ದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಖಾಯಂ ಆದ ಗುರುಗಳೇ, ಒಂದೇ ದಿನದಲ್ಲಿ ಫಲ ಕೊಟ್ಟ ನಿಮ್ಮ ಬಲವು, ನಿಮ್ಮ ಪಕ್ಕದ ಕೊಠಡಿಯಲ್ಲಿ ನಿಮ್ಮದೇ ವಿಷಯವನ್ನು ನಿಮ್ಮ ಅರ್ಧ ಪಗಾರಕ್ಕೂ ಕಡಿಮೆಯಲ್ಲಿ ಕಲಿಸುವ ಅತಿಥಿಗಾಗಿ ಎಂದಾದರೂ ಒಂದು ಠರಾವನ್ನಾದರೂ ಮಾಡಿತೆ? ಅನುದಾನಿತನಿಗೆ ಅನುದಾನರಹಿತನು ಕಾಣುವದಿಲ್ಲ, ಕಾಲೇಜಿನವನಿಗೆ ಪ್ರಾಥಮಿಕ ಶಾಲೆಯವನು ಕಾಣುವದಿಲ್ಲ. ಅಗ್ಗದ ಕೈಯೊಂದು ಬಾಗಿಲಲ್ಲಿ ಕಾದು ನಿಂತಿರುವವರೆಗೆ ದುಬಾರಿಯ ಕೈಗೆ ಭದ್ರತೆಯಿಲ್ಲವೆಂಬದು ಗಿರಣಿಯ ಹಮಾಲನಿಗೂ ತಿಳಿದಿರುವ ಲೆಕ್ಕ.

೧೯೫೬ರ ನವೆಂಬರ ೧ರಂದು ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರುಗಳೆಂಬ ಐದು ಆಳಿಕೆಗಳ ಕನ್ನಡ ಮಾಸ್ತರರು ಒಂದು ರಾಜ್ಯದ ಸೇವೆಗೆ ಬಂದರು. ಒಬ್ಬೊಬ್ಬರ ಹಿಂದೆ ಒಂದೊಂದು ಪಗಾರದ ಪಟ್ಟಿ, ಒಂದೊಂದು ನಿಯಮಾವಳಿ. ಒಟ್ಟುಗೂಡಿಸುವಾಗ ಯಾರ ಸೇವಾಸ್ಥಿತಿಯೂ ಅವರಿಗೆ ಹಾನಿಯಾಗುವಂತೆ ಕೇಂದ್ರದ ಸಮ್ಮತಿಯಿಲ್ಲದೆ ಬದಲಾಗಕೂಡದೆಂದು ರಾಜ್ಯಗಳ ಪುನರ್ವಿಂಗಡನಾ ಕಾಯದೆಯ ೧೧೫ನೆಯ ಕಲಮು ಕಾವಲು ನಿಂತಿತು. ಸುಲಭವಾಗಲಿಲ್ಲ, ವರ್ಷಗಳು ಹಿಡಿದವು, ಆದರೂ ಐದು ಪಟ್ಟಿಗಳು ಒಂದಾದವು. ಐದು ಸೀಮೆಗಳವರು ಒಂದಾಗಬಲ್ಲವರಾದರೆ ಒಂದೇ ಕಾಲೇಜಿನ ಒಂದೇ ಮೊಗಸಾಲೆಯಲ್ಲಿ ಚಹಾ ಕುಡಿಯುವ ಇಬ್ಬರು ಒಂದಾಗಲಾರರೆಂಬ ಮಾತನ್ನು ನಾವು ನಂಬಲಾರೆವು.

ನಾವು ಕೇಳುವದು ದೊಡ್ಡದೇನಲ್ಲ. ಪ್ರಾಥಮಿಕ ಶಾಲೆಯಿಂದ ಪದವಿ ಕಾಲೇಜಿನವರೆಗಿನ ಖಾಯಂ, ಅನುದಾನಿತ, ಅನುದಾನರಹಿತ, ಅತಿಥಿ, ಈ ನಾಲ್ಕೂ ವರ್ಗಗಳ ಪ್ರತಿನಿಧಿಗಳು ಒಂದು ಕಡೆಗೆ, ಸರಕಾರವೂ ಖಾಸಗಿ ಆಡಳಿತ ಮಂಡಲಿಗಳೂ ಇನ್ನೊಂದು ಕಡೆಗೆ ಕುಳಿತುಕೊಳ್ಳುವ ಒಂದು ಸ್ಥಾಯೀ ಮಂಡಲವು ರಾಜ್ಯದ ಕಾಯದೆಯಿಂದಲೇ ನಿರ್ಮಾಣವಾಗಲಿ. ಅದು ಸೇರುವ ತಿಂಗಳು ಕಾಯದೆಯಲ್ಲಿಯೇ ಬರೆದಿರಲಿ. ಅಲ್ಲಿ ಆದ ಒಪ್ಪಂದವು ಇಬ್ಬರನ್ನೂ ಕಟ್ಟಲಿ. ಆಗದಿದ್ದದ್ದು ಇಂತಿಷ್ಟು ದಿನಗಳೊಳಗೆ ಪಂಚರ ಮುಂದೆ ಹೋಗಲಿ. ಪಂಚರ ತೀರ್ಪಿಗೆ ಕಾಯುವವರೆಗೆ ಪಾಠ ನಿಲ್ಲಿಸುವದಿಲ್ಲವೆಂದು ಶಿಕ್ಷಕರೂ ಮಾತು ಕೊಡಲಿ. ಈ ಕರಾರಿಗೆ ಒಪ್ಪದ ಶಿಕ್ಷಕಸಂಘದ ಪಕ್ಷವನ್ನು ನಾವಂತೂ ವಹಿಸುವದಿಲ್ಲ.

ಇದನ್ನು ಯಾರ ಮುಂದೆ ಕೇಳಬೇಕೆಂಬದೂ ಗೊತ್ತಿದೆ. ನಮ್ಮ ವಿಧಾನ ಪರಿಷತ್ತಿನ ೭೫ ಸ್ಥಾನಗಳಲ್ಲಿ ೭ ಸ್ಥಾನಗಳು ಶಿಕ್ಷಕರ ಕ್ಷೇತ್ರಗಳವು. ಪ್ರೌಢಶಾಲೆಯಿಂದ ಮೇಲಿನವರಿಗೆ ಮಾತ್ರ ಅಲ್ಲಿ ಮತವುಂಟು. ಮಗುವಿಗೆ ಮೊದಲ ಅಕ್ಷರ ಬರೆಯಿಸುವವನಿಗೆ ಅಲ್ಲಿಯೂ ಸ್ಥಳವಿಲ್ಲ. ಇದ್ದವರಾದರೂ ಮುಂದಿನ ಚುನಾವಣೆಯಲ್ಲಿ ಉಡುಗೊರೆಯ ಚೀಲವನ್ನು ಹಿಡಿದು ಬಾಗಿಲಿಗೆ ಬಂದ ಉಮೇದುವಾರನನ್ನು ಕೂಡ್ರಿಸಿಕೊಂಡು, ಈ ಮಂಡಲದ ಮಸೂದೆಯನ್ನು ಯಾವ ಅಧಿವೇಶನದಲ್ಲಿ ತರುವಿರಿ, ಅತಿಥಿ ಉಪನ್ಯಾಸಕರಿಗೆ ಅದರಲ್ಲಿ ಎಷ್ಟು ಸ್ಥಾನ ಕೊಡುವಿರಿ, ಸರಕಾರವು ಒಪ್ಪದಿದ್ದರೆ ಏನು ಮಾಡುವಿರಿ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ರುಜು ಸಹಿತ ಬರೆಯಿಸಿಕೊಂಡು, ನಮ್ಮ ಪತ್ರಕ್ಕೆ ಕಳುಹಿಸಿಕೊಟ್ಟರೆ ಅದನ್ನು ಒಂದಕ್ಷರವೂ ಬಿಡದೆ ಅಚ್ಚುಹಾಕುವೆವು.